ಕೊನೆಯ ಕಿಲೋಮೀಟರಿನ ಛಲ ಎಲ್ಲಿಂದ ಬರುತ್ತದೆ? ಮೊದಲ 10 ಕಿ.ಮೀ. ಸ್ಪರ್ಧೆಗೆ ತಯಾರಾಗುವವರಿಗೆ ಒಂದು ಮಾರ್ಗದರ್ಶಿ

ಮಳೆಗಾಲ ಮುಗಿದು ನವೆಂಬರ್ ಬಂತೆಂದರೆ ಮಂಗಳೂರು, ಉಡುಪಿ, ಮಣಿಪಾಲದ ಕಡೆ ಭಾನುವಾರದ ರಸ್ತೆ ಓಟಗಳ ಕಾಲ. 5 ಕಿ.ಮೀ., 10 ಕಿ.ಮೀ., 21 ಕಿ.ಮೀ.ಯ ಹಾಫ್ ಮ್ಯಾರಥಾನ್. ಹೆಸರು ಕೊಡುವವರಲ್ಲಿ ಶಾಲೆ ಬಿಟ್ಟ ಮೇಲೆ ಒಂದು ಸುತ್ತೂ ಓಡದವರು ಎಷ್ಟೋ ಮಂದಿ ಇರುತ್ತಾರೆ. ಬ್ಯಾಂಕಿನವರು, ನರ್ಸ್‌ಗಳು, ಕಾಲೇಜು ಮಕ್ಕಳು, ರಿಟೈರ್ ಆದ ಮೇಷ್ಟ್ರುಗಳು. ಈ ಲೇಖನ ಅವರಿಗೆ. ಓಟದ ಗೊಡವೆ ಬೇಡ, ಆದರೆ ಹಿಡಿದ ಕೆಲಸ ಯಾವಾಗಲೂ ಅರ್ಧಕ್ಕೇ ನಿಂತುಹೋಗುತ್ತದೆ ಎಂದು ಬೇಸರಪಡುವವರಿಗೂ.

ನಾನು ಹಲವು ವರ್ಷಗಳಿಂದ ಓಡುತ್ತಿದ್ದೇನೆ. ಹೊಸಬರ ಜೊತೆಯಲ್ಲೂ ಓಡುತ್ತೇನೆ. ನೋಡಿ ನೋಡಿ ನನ್ನಲ್ಲಿ ಗಟ್ಟಿಯಾದ ನಂಬಿಕೆ ಒಂದಿದೆ. ಓಟದ ಕೊನೆಯಲ್ಲಿ ಕಾಣುವ ಛಲ ಆ ಹೊತ್ತಿಗೆ ಹುಟ್ಟಿಕೊಂಡದ್ದಲ್ಲ. ಮೊದಲ ಕಿಲೋಮೀಟರಿನಲ್ಲಿ ಯಾರು ತಮ್ಮನ್ನು ತಡೆದುಕೊಂಡರೋ ಅವರಿಗೆ ಮಾತ್ರ ಕೊನೆಗೆ ಅದು ಉಳಿದಿರುತ್ತದೆ. ಪರೀಕ್ಷೆಗೆ ಓದುವುದು, ಅಂಗಡಿ ಹಾಕುವುದು, ಚೆಂಡೆ ಕಲಿಯುವುದು, ಎಲ್ಲದರಲ್ಲೂ ನಾನು ಇದನ್ನೇ ಕಂಡಿದ್ದೇನೆ. ಕೆಳಗಿನ ಹೆಜ್ಜೆಗಳನ್ನು 10 ಕಿ.ಮೀ. ಸ್ಪರ್ಧೆ ಇಟ್ಟುಕೊಂಡು ಬರೆದಿದ್ದೇನೆ. ಓಡದವರು ಆ ಜಾಗದಲ್ಲಿ ತಮ್ಮ ಕೆಲಸವನ್ನು ಇಟ್ಟು ಓದಿಕೊಳ್ಳಬಹುದು.

ಮೊದಲ ಹೆಜ್ಜೆ: ದಿನಾಂಕ ಗೊತ್ತುಮಾಡಿ

"ಆರೋಗ್ಯಕ್ಕಾಗಿ ಓಡುತ್ತೇನೆ" ಎಂಬುದು ಒಳ್ಳೆಯ ಮಾತೇ. ಆದರೆ ಅದಕ್ಕೆ ಗಡುವಿಲ್ಲ. ಗಡುವಿಲ್ಲದ ಕೆಲಸವನ್ನು ನಾಳೆಗೆ ತಳ್ಳುವುದು ಸುಲಭ. ಸ್ಪರ್ಧೆಗೆ ದಿನಾಂಕ ಇದೆ, ದೂರ ಇದೆ, ಗಡಿಯಾರ ಇದೆ. ಅದಕ್ಕೇ ನಾನು ಹೊಸಬರಿಗೂ ಮೊದಲು ಸ್ಪರ್ಧೆಗೆ ಹೆಸರು ಕೊಡಿ ಎನ್ನುವುದು.

ತಯಾರಿಗೆ 16 ವಾರ ಬೇಕು. ಡಿಸೆಂಬರ್ ಕೊನೆಯಲ್ಲಿ ಓಟ ಇದ್ದರೆ ಸೆಪ್ಟೆಂಬರ್ ಮೊದಲ ವಾರ ಶುರು ಮಾಡಬೇಕು. ಮನೆಯ ಕ್ಯಾಲೆಂಡರಿನಲ್ಲಿ ಓಟದ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಿ ಬರೆಯಿರಿ. ಮನೆಯವರಿಗೆ ಹೇಳಿ. ಬೆಳಗ್ಗೆ ಐದಕ್ಕೆ ಏಳುವುದು ನಿಮ್ಮೊಬ್ಬರ ವಿಷಯ ಅಲ್ಲ, ಇಡೀ ಮನೆಯ ವಿಷಯ. ಅವರ ಒಪ್ಪಿಗೆ ಇಲ್ಲದೆ ನಾಲ್ಕು ತಿಂಗಳು ನಡೆಸುವುದು ಕಷ್ಟ.

ನಲವತ್ತು ದಾಟಿದವರು, ಬಿಪಿ, ಶುಗರ್, ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲೇ ಡಾಕ್ಟರಿಗೆ ತೋರಿಸಿಕೊಳ್ಳಿ. ಇದನ್ನು ಬಿಟ್ಟುಬಿಡಬೇಡಿ.

ಮೊದಲ ಸ್ಪರ್ಧೆಯ ಗುರಿ ಮುಗಿಸುವುದು ಮಾತ್ರ. ಟೈಮಿನ ಗುರಿಯೂ ಇರಲಿ, ಆದರೆ ಅದು ಎರಡನೆಯದು.

ಎರಡನೇ ಹೆಜ್ಜೆ: ಜಾಗ ಮತ್ತು ಹೊತ್ತು

ಮಂಗಳೂರಿನವರಿಗೆ ಮಂಗಳಾ ಸ್ಟೇಡಿಯಂ ಇದೆ, ಉಡುಪಿಯವರಿಗೆ ಅಜ್ಜರಕಾಡು. ಎರಡರಲ್ಲೂ ಸಿಂಥೆಟಿಕ್ ಟ್ರ್ಯಾಕ್ ಉಂಟು. ಒಳಗಿನ ಲೇನಿನಲ್ಲಿ ಒಂದು ಸುತ್ತು 400 ಮೀಟರ್, ಅಂದರೆ 10 ಕಿ.ಮೀ.ಗೆ 25 ಸುತ್ತು. ನಿಧಾನ ಓಡುವವರು ಹೊರಗಿನ ಲೇನ್ ಹಿಡಿಯಬೇಕು. ಒಳಗಿನದು ಜೋರಾಗಿ ಓಡುವ ಮಕ್ಕಳಿಗೆ ಬಿಟ್ಟುಕೊಡಿ, ಅವರ ತಾಲೀಮಿಗೆ ಅಡ್ಡ ಆಗಬಾರದು. ಪಣಂಬೂರು, ತಣ್ಣೀರುಬಾವಿ, ಮಲ್ಪೆಯಲ್ಲಿ ಇರುವವರು ನೀರಿನ ಅಂಚಿನ ಗಟ್ಟಿ ಮರಳಿನ ಮೇಲೆ ಓಡಬಹುದು. ಆದರೆ ದಂಡೆ ಸಮುದ್ರದ ಕಡೆಗೆ ಓರೆ ಇರುತ್ತದೆ, ಒಂದು ಕಾಲಿಗೆ ಭಾರ ಜಾಸ್ತಿ ಬೀಳುತ್ತದೆ. ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ.

ಹೊತ್ತು ಬೆಳಗ್ಗೆ ಐದೂವರೆ ಆರು. ನಮ್ಮ ಕರಾವಳಿಯಲ್ಲಿ ಬಿಸಿಲಿಗಿಂತ ಕಾಡುವುದು ಗಾಳಿಯಲ್ಲಿರುವ ತೇವ. ಬೆವರು ಬಂದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುವುದು. ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಸುಮ್ನೆ ಇಳಿದುಹೋಗುತ್ತದೆ. ಮೈ ಕಾವು ಏರುತ್ತದೆ. ತಂಪು ಮಾಡಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಕಾಲಿನ ಸ್ನಾಯುಗಳ ಪಾಲು ಕಡಿಮೆಯಾಗುತ್ತದೆ. ಅಷ್ಟೇ ವೇಗಕ್ಕೆ ಹೃದಯ ಜಾಸ್ತಿ ಬಡಿಯಬೇಕಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ಓಡುವ ಗೆಳೆಯನ ಟೈಮ್ ಮೊಬೈಲಿನಲ್ಲಿ ನೋಡಿ "ನನ್ನಿಂದಾಗದು" ಎಂದು ಕೈಚೆಲ್ಲಿದವರನ್ನು ನಾನು ಬಲ್ಲೆ. ಅವನು ಓಡುವ ಗಾಳಿ ಬೇರೆ, ನೀವು ಓಡುವ ಗಾಳಿ ಬೇರೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ರಾತ್ರಿ ಹತ್ತರ ಮೇಲೆ ಓದುವ ಹುಡುಗಿಯನ್ನು, ಹಗಲಿಡೀ ಕೋಚಿಂಗ್ ಕ್ಲಾಸಿನಲ್ಲಿ ಇರುವವರ ಜೊತೆ ತೂಗುವುದೂ ಹೀಗೇ ತಪ್ಪು. ನಿಮ್ಮ ಅಳತೆ ನಿಮ್ಮ ಕಳೆದ ತಿಂಗಳ ಜೊತೆ ಇರಲಿ.

ಮೂರನೇ ಹೆಜ್ಜೆ: ನಿಧಾನ ಓಡುವುದನ್ನು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ವಾರದ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಇರಬೇಕು. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲಿಕ್ಕೆ ಆಗಬೇಕು. ಒಬ್ಬರೇ ಇದ್ದರೆ ಬಾಯಿಪಾಠ ಬರುವ ಪದ್ಯ ಒಂದನ್ನು ಹೇಳಿ ನೋಡಿ. ಸಾಲಿನ ಮಧ್ಯೆ ಉಸಿರು ಕಟ್ಟಿದರೆ ವೇಗ ಜಾಸ್ತಿ ಆಯಿತು ಎಂದರ್ಥ. ನಡೆದರೂ ಪರವಾಗಿಲ್ಲ, ವೇಗ ಇಳಿಸಿ.

ಯಾಕೆ ಹೀಗೆ? ಕಂಬಳ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ದಾರಿಯನ್ನು) 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಗಿತ್ತು. ಅಂಥ ಓಟಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ಕೂಡಿಟ್ಟಿರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಅದು ಖರ್ಚಾಗಿಬಿಡುತ್ತದೆ. 10 ಕಿ.ಮೀ. ಓಡುವವರಿಗೆ ಶಕ್ತಿ ಒಂದು ಗಂಟೆ ಬಾಳಬೇಕು. ಅಲ್ಲಿ ಹೆಚ್ಚುಕಡಿಮೆ ಎಲ್ಲ ಶಕ್ತಿಯೂ ಉಸಿರಿನ ಆಮ್ಲಜನಕದ ಬಲದಿಂದ ತಯಾರಾಗಬೇಕು. ಅದಕ್ಕೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಬೇಕು, ಸ್ನಾಯುವಿನೊಳಗೆ ಸಣ್ಣ ಸಣ್ಣ ರಕ್ತನಾಳಗಳು ಬೆಳೆಯಬೇಕು. ಈ ಬದಲಾವಣೆ ನಿಧಾನದ ಓಟದಲ್ಲಿ ಚೆನ್ನಾಗಿ ಆಗುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಎಷ್ಟು ಹಲ್ಲು ಕಚ್ಚಿದರೂ ಅದನ್ನು ಅವಸರಪಡಿಸಲಿಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ. ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು, ಎಲುಬು ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕು. ಹಾಗಾಗಿ ಐದು ಆರನೇ ವಾರದಲ್ಲಿ "ಅರೆ, ಆರಾಮಾಗಿ ಓಡ್ತೇನಲ್ಲ!" ಅನ್ನಿಸುತ್ತದೆ. ಹುರುಪು ಬರುತ್ತದೆ. ಪೆಟ್ಟು ಮಾಡಿಕೊಳ್ಳುವುದು ಈ ಹುರುಪಿನ ವಾರದಲ್ಲೇ ಜಾಸ್ತಿ. ಉಸಿರು ಒಪ್ಪಿರುತ್ತದೆ, ಮೊಣಕಾಲಿನ ಕೆಳಗಿನ ಎಲುಬು ಇನ್ನೂ ಒಪ್ಪಿರುವುದಿಲ್ಲ.

ನಿಧಾನ ಓಡುವುದು ಹೇಳಿದಷ್ಟು ಸುಲಭ ಅಲ್ಲ. ನಿಮ್ಮಷ್ಟೇ ವಯಸ್ಸಿನವರು, ಕೆಲವೊಮ್ಮೆ ನಿಮಗಿಂತ ದೊಡ್ಡವರು, ಪಕ್ಕದಿಂದ ದಾಟಿ ಹೋಗುತ್ತಾರೆ. ಮನಸ್ಸು ಚುರ್ ಅನ್ನುತ್ತದೆ. ಕಾಲು ತಾನಾಗಿ ಜೋರಾಗುತ್ತದೆ. ಆ ಹೊತ್ತಿಗೆ ನಿಮ್ಮ ವೇಗದಲ್ಲೇ ಉಳಿಯುವುದು ಇದೆಯಲ್ಲ, ನಾನು ಛಲ ಎಂದು ಕರೆಯುವುದು ಅದನ್ನು. ಯಾರಿಗೂ ಅದು ಕಾಣುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಹದಿನಾರನೇ ವಾರ ಸ್ಪರ್ಧೆಯ ಗೆರೆಯ ಹಿಂದೆ ನಿಂತಿರುವವರು ಹೀಗೆ ಉಳಿದವರೇ.

ಓದಿನಲ್ಲೂ ನೋಡಿ. ಕೆಎಎಸ್‌ಗೋ ಸಿಎಗೋ ಕೂತ ಮೊದಲ ವಾರ ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಾರೆ. ಎರಡನೇ ವಾರ ಎಂಟು. ಮೂರನೇ ವಾರ ತಲೆನೋವು, ಪುಸ್ತಕ ಮುಟ್ಟಲಿಕ್ಕೂ ಬೇಜಾರು. ನಾನು ಕಿರಿಯರಿಗೆ ಹೇಳುವ ಲೆಕ್ಕ ಇಷ್ಟೇ: ತೊಂಬತ್ತನೇ ದಿನವೂ ಮಾಡಲಿಕ್ಕೆ ಆಗುವಷ್ಟನ್ನು ಮೊದಲ ದಿನ ಮಾಡಿ. ಅದು ಮೂರು ಗಂಟೆ ಆದರೆ ಮೂರೇ ಗಂಟೆ. ಮೊದಲ ವಾರ ನಾಲ್ಕನೇ ಗಂಟೆಗೆ ಕೂರುವ ಮನಸ್ಸಾದರೂ ಪುಸ್ತಕ ಮುಚ್ಚಿ ಎದ್ದೇಳಿ. ಉಳಿಸಿಕೊಂಡ ಆ ಆಸೆಯೇ ಮರುದಿನ ನಿಮ್ಮನ್ನು ಮೇಜಿನ ಹತ್ತಿರ ಕರೆತರುತ್ತದೆ.

ನಾಲ್ಕನೇ ಹೆಜ್ಜೆ: ವಾರದ ಪಟ್ಟಿ

ವಾರಕ್ಕೆ ನಾಲ್ಕು ದಿನ ಸಾಕು. ಮಂಗಳವಾರ, ಗುರುವಾರ, ಶನಿವಾರ, ಭಾನುವಾರ ಎಂದಿಟ್ಟುಕೊಳ್ಳೋಣ.

ಮೊದಲ ನಾಲ್ಕು ವಾರ ಅರ್ಧ ಗಂಟೆಯ ಓಟ ಮತ್ತು ನಡಿಗೆ. ಎರಡು ನಿಮಿಷ ಓಡಿ, ಒಂದು ನಿಮಿಷ ನಡೆಯಿರಿ, ಹೀಗೆ ಹತ್ತು ಸಲ. ನಾಲ್ಕನೇ ವಾರಕ್ಕೆ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆಗೆ ಬನ್ನಿ. ಐದರಿಂದ ಎಂಟನೇ ವಾರದವರೆಗೆ ನಿಲ್ಲದೆ 25, 30 ನಿಮಿಷ, ಭಾನುವಾರದ ಉದ್ದ ಓಟ ಮಾತ್ರ 5 ಕಿ.ಮೀ.ಯಿಂದ ಮೆಲ್ಲಗೆ 7ಕ್ಕೆ ಏರಲಿ. ಒಂಬತ್ತರಿಂದ ಹದಿನಾಲ್ಕನೇ ವಾರದವರೆಗೆ ಗುರುವಾರ ಟ್ರ್ಯಾಕಿನ ಕೆಲಸ, ಭಾನುವಾರ 8ರಿಂದ 11 ಕಿ.ಮೀ. ಕೊನೆಯ ಎರಡು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ.

ಪ್ರತಿ ನಾಲ್ಕನೇ ವಾರ ಸ್ವಲ್ಪ ಕಡಿಮೆ ಓಡಿ. ಓಡುವಾಗ ಮೈ ಗಟ್ಟಿಯಾಗುವುದಿಲ್ಲ, ಓಡಿದ ಮೇಲೆ ಮಲಗಿದಾಗ ಆಗುತ್ತದೆ. ನಿದ್ದೆ ಕದ್ದು ಓಡುವವರಿಗೆ ಈ ಮಾತು.

ಒಂದು ದಿನ ತಪ್ಪಿತಾ? ಪರವಾಗಿಲ್ಲ. ಮದುವೆ, ಭೂತಕೋಲ, ಆಸ್ಪತ್ರೆ, ನೈಟ್ ಡ್ಯೂಟಿ, ನಮ್ಮ ಊರಲ್ಲಿ ಇವೆಲ್ಲ ಇದ್ದದ್ದೇ. ತಪ್ಪಿದ ಓಟವನ್ನು ಮರುದಿನದ್ದಕ್ಕೆ ಸೇರಿಸಿ ಡಬಲ್ ಓಡಬೇಡಿ. ಪಟ್ಟಿಯಲ್ಲಿ ಮುಂದಿನದು ಏನಿದೆಯೋ ಅದನ್ನು ಮಾಡಿ. ಎರಡನೇ ದಿನವೂ ತಪ್ಪದ ಹಾಗೆ ನೋಡಿಕೊಂಡರೆ ಸಾಕು. ಸಾಲದ ಕಂತು ತಪ್ಪಿದವರು, ಬರೆಯುವುದನ್ನು ನಿಲ್ಲಿಸಿದವರು, ಕುಡಿತ ಬಿಡಲು ಹೆಣಗುವವರು ಈ ಒಂದು ವಿಷಯದಲ್ಲಿ ತಮ್ಮ ಮೇಲೆ ತುಂಬಾ ಕಠಿಣವಾಗಿರುತ್ತಾರೆ. ಒಂದು ದಿನ ಜಾರಿದ್ದಕ್ಕೆ ಇಡೀ ತಿಂಗಳನ್ನೇ ಬಿಟ್ಟುಕೊಡುತ್ತಾರೆ. ಬಿಟ್ಟುಕೊಡಬೇಡಿ, ದಯವಿಟ್ಟು.

ಐದನೇ ಹೆಜ್ಜೆ: ನಡುವಿನ ಸುತ್ತುಗಳು

ಒಂಬತ್ತನೇ ವಾರದಿಂದ ಗುರುವಾರ ಟ್ರ್ಯಾಕ್. ಹದಿನೈದು ನಿಮಿಷ ಹಗುರವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 400 ಮೀಟರಿನ ಆರು ಸುತ್ತು, ಒಂದೊಂದರ ನಡುವೆ ಒಂದೂವರೆ ನಿಮಿಷ ನಡಿಗೆ. 10 ಕಿ.ಮೀ.ಯನ್ನು 70 ನಿಮಿಷದಲ್ಲಿ ಮುಗಿಸುವ ಆಸೆ ಇದ್ದರೆ ಕಿಲೋಮೀಟರಿಗೆ 7 ನಿಮಿಷ, ಅಂದರೆ ಸುತ್ತಿಗೆ 2 ನಿಮಿಷ 48 ಸೆಕೆಂಡ್. ತಾಲೀಮಿನಲ್ಲಿ ಇದಕ್ಕಿಂತ ಸ್ವಲ್ಪ ಜೋರು, 2 ನಿಮಿಷ 40 ಸೆಕೆಂಡಿಗೆ ಓಡಿ. ಆರೂ ಸುತ್ತು ಐದು ಸೆಕೆಂಡಿನ ಅಂತರದ ಒಳಗೆ ಬರಬೇಕು. ಮೊದಲನೆಯದನ್ನು 2 ನಿಮಿಷ 15 ಸೆಕೆಂಡಿಗೆ ಓಡಿ ಕೊನೆಯದನ್ನು 3 ನಿಮಿಷಕ್ಕೆ ಎಳೆದುಕೊಂಡು ಬಂದರೆ ಆ ದಿನದ ಕೆಲಸ ಕೆಟ್ಟಿತು.

ಯಾವ ಸುತ್ತು ಕಷ್ಟ? ಆರನೆಯದು ಅಂದುಕೊಳ್ಳುತ್ತೀರಿ. ಅಲ್ಲ, ನಾಲ್ಕು ಮತ್ತು ಐದು. ಆರನೆಯದು ಕೊನೆಯದು ಎಂದು ಗೊತ್ತಿರುವುದರಿಂದ ಎಲ್ಲಿಂದಲೋ ಶಕ್ತಿ ಬರುತ್ತದೆ. ನಾಲ್ಕನೆಯದರಲ್ಲಿ ಹೊಸತನ ಹೋಗಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಸ್ಪರ್ಧೆಯಲ್ಲಿ 6ರಿಂದ 8ನೇ ಕಿಲೋಮೀಟರ್ ಹೀಗೆ. ಡಿಗ್ರಿಯಲ್ಲಿ ಮೂರು, ನಾಲ್ಕನೇ ಸೆಮಿಸ್ಟರ್. ಅಂಗಡಿಯಲ್ಲಿ ಎರಡನೇ ವರ್ಷ. ಉದ್ಘಾಟನೆಗೆ ಬಂದವರು ಬರುವುದನ್ನು ನಿಲ್ಲಿಸಿರುತ್ತಾರೆ, ಖಾಯಂ ಗಿರಾಕಿಗಳು ಇನ್ನೂ ಆಗಿರುವುದಿಲ್ಲ.

ಇಂಥ ಹೊತ್ತಿಗೆ ಮಾಡುವ ಕೆಲಸ ಮೂರು. ನೋಟವನ್ನು ಚಿಕ್ಕದು ಮಾಡಿ: ಈ ತಿರುವು ಮಾತ್ರ, ಆಮೇಲೆ ಮುಂದಿನ ತಿರುವು. ಮೈಯನ್ನು ಒಮ್ಮೆ ತಪಾಸಣೆ ಮಾಡಿ: ಭುಜ ಕಿವಿಯ ಹತ್ತಿರ ಏರಿರುತ್ತದೆ, ಇಳಿಸಿ. ಮುಷ್ಟಿ ಬಿಗಿದಿರುತ್ತದೆ, ಸಡಿಲಿಸಿ. ಬಿಗಿದುಕೊಂಡ ಸ್ನಾಯು ಸುಮ್ಮನೆ ಶಕ್ತಿ ತಿನ್ನುತ್ತದೆ. ಮೂರನೆಯದಾಗಿ, ಈ ಸುತ್ತು ಮುಗಿಯುವವರೆಗೆ ನಿಲ್ಲಿಸುವ ಬಗ್ಗೆ ಯೋಚಿಸುವುದಿಲ್ಲ ಎಂದು ಗೊತ್ತುಮಾಡಿಕೊಳ್ಳಿ. ಸುತ್ತು ಮುಗಿದ ಮೇಲೆ ನಡೆಯುತ್ತಾ ಯೋಚಿಸಿ. ತಿರುವಿನ ಮಧ್ಯೆ ತೆಗೆದುಕೊಳ್ಳುವ ತೀರ್ಮಾನ ದಣಿವಿನದ್ದು, ನಿಮ್ಮದಲ್ಲ. ಕೆಲಸ ಬಿಡಬೇಕು ಎಂದು ಕೆಟ್ಟ ದಿನದ ಸಂಜೆ ಅನ್ನಿಸಿದವರಿಗೂ ನಾನು ಹೇಳುವುದು ಇದನ್ನೇ. ಬಿಡುವುದಾದರೆ ಬಿಡಿ, ಆದರೆ ಆ ತೀರ್ಮಾನವನ್ನು ನಿದ್ದೆ ಆದ ಮೇಲೆ, ಹೊಟ್ಟೆ ತುಂಬಿರುವಾಗ ತೆಗೆದುಕೊಳ್ಳಿ.

ಆರನೇ ಹೆಜ್ಜೆ: ಏರು ಮತ್ತು ಮಳೆ

ಸಮತಟ್ಟು ರಸ್ತೆ ನಮ್ಮಲ್ಲಿ ಕಡಿಮೆ. ಕದ್ರಿ, ಬಾವುಟಗುಡ್ಡೆ, ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವ ದಾರಿ, ಎಲ್ಲೂ ಏರು ತಪ್ಪಿದ್ದಲ್ಲ. ಏರಿನಲ್ಲಿ ವೇಗ ಉಳಿಸಿಕೊಳ್ಳಲು ಹೋಗಬೇಡಿ, ಉಸಿರು ಉಳಿಸಿಕೊಳ್ಳಿ. ಹೆಜ್ಜೆ ಚಿಕ್ಕದಿರಲಿ, ಕೈ ಬೀಸು ಚೆನ್ನಾಗಿರಲಿ, ಕಣ್ಣು ನೆಲ ನೋಡದೆ ಮುಂದೆ ನೋಡಲಿ. ತುದಿ ಮುಟ್ಟಿದ ಕೂಡಲೇ ಜೋರು ಮಾಡಬೇಡಿ, ಅರ್ಧ ನಿಮಿಷ ಸುಧಾರಿಸಿಕೊಳ್ಳಿ. ಇಳಿಜಾರಿನಲ್ಲಿ ಉದ್ದ ಹೆಜ್ಜೆ ಹಾಕಿದರೆ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಬೇಕಾಗುತ್ತದೆ.

ಮಳೆಯ ಬಗ್ಗೆ ಹೊಸಬರು ಮೊದಲೇ ಯೋಚಿಸಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಇನ್ನೂ ಸುರಿಯುತ್ತಿರುತ್ತದೆ, ಅಕ್ಟೋಬರಿನ ಸಂಜೆ ಗುಡುಗು. ಬರೀ ಮಳೆ ಇದ್ದರೆ ಓಡಬಹುದು. ಗುಡುಗು ಮಿಂಚು ಇದ್ದರೆ ಮನೆಯಿಂದ ಹೊರಡಬೇಡಿ, ಬಯಲು ಮೈದಾನಕ್ಕಂತೂ ಬೇಡವೇ ಬೇಡ. ಪಾಚಿ ಹಿಡಿದ ಇಂಟರ್‌ಲಾಕ್ ನೆಲಹಾಸಿನ ಮೇಲೆ, ಕಲ್ಲಿನ ಮೆಟ್ಟಿಲ ಮೇಲೆ ಕಾಲಿಡಬೇಡಿ. ಕತ್ತಲೆ ಇದ್ದರೆ ಎದುರು ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಓಡಿ, ತಿಳಿ ಬಣ್ಣದ ಅಂಗಿ ಹಾಕಿ. ಒದ್ದೆ ಶೂ ಒಳಗೆ ಹಳೆ ಪೇಪರ್ ತುರುಕಿಟ್ಟರೆ ಮರುದಿನಕ್ಕೆ ಸುಮಾರಾಗಿ ಒಣಗುತ್ತದೆ.

ಓಡಲಾಗದ ದಿನಕ್ಕೆ ಬದಲಿ ಪಟ್ಟಿಯೊಂದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. 25 ನಿಮಿಷ: ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು, ಮೆಟ್ಟಿಲು ಹತ್ತಿ ಇಳಿಯುವುದು, ಪ್ಲ್ಯಾಂಕ್. ಬೆಳಗ್ಗೆ ಐದಕ್ಕೆ ಮಳೆಯ ಸದ್ದು ಕೇಳುತ್ತಾ ಏನು ಮಾಡುವುದೆಂದು ಯೋಚಿಸಲು ಕೂತರೆ ಮತ್ತೆ ಹೊದಿಕೆ ಎಳೆದುಕೊಳ್ಳುತ್ತೀರಿ. ಪಟ್ಟಿ ಇದ್ದರೆ ಯೋಚಿಸುವ ಕೆಲಸವಿಲ್ಲ. ಓದುವವರಿಗೂ ಇಂಥದ್ದೊಂದು ಬೇಕು: ಜ್ವರ ಬಂದ ದಿನ ಅಥವಾ ನೆಂಟರು ಬಂದ ದಿನ ಓದಲು ಹತ್ತೇ ನಿಮಿಷದ ಒಂದು ಪುಟ್ಟ ಕೆಲಸ.

ಏಳನೇ ಹೆಜ್ಜೆ: ಯಾವಾಗ ನಿಲ್ಲಿಸಬೇಕು

ಛಲದ ಮಾತು ಬಂದಾಗಲೆಲ್ಲ ಹೇಳುವ ಕಥೆ ಒಂದಿದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಗೆದ್ದವರು ಮುಗಿಸಿ ಒಂದು ಗಂಟೆ ಕಳೆದ ಮೇಲೆ ಕುಂಟುತ್ತಾ ಬಂದು ಓಟ ಮುಗಿಸಿದರು. ನನಗೂ ಅವರ ಮೇಲೆ ಬಹಳ ಗೌರವ. ಆದರೆ ಆ ಕಥೆ ಕೇಳಿ ನೋವಿನ ಮೇಲೆ ಓಡುವವರನ್ನು ಕಂಡರೆ ಹೆದರಿಕೆಯಾಗುತ್ತದೆ. ಅವರು ದೇಶದ ಪರವಾಗಿ ಒಲಿಂಪಿಕ್ಸ್‌ಗೆ ಹೋದವರು. ನಮಗೆ ಮುಂದಿನ ಭಾನುವಾರವೂ ಓಟ ಇದೆ.

ಇನ್ನೊಂದು ಕಥೆಯನ್ನೂ ಜೊತೆಗೆ ಹೇಳಬೇಕು. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಮ್ಯಾರಥಾನ್ ಚಿನ್ನ ಗೆದ್ದವರು, 2019ರಲ್ಲಿ ವಿಯೆನ್ನಾದಲ್ಲಿ ಅವರಿಗಾಗಿಯೇ ಏರ್ಪಡಿಸಿದ ಓಟದಲ್ಲಿ 42.195 ಕಿ.ಮೀ. ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದವರು. ಅವರೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಓಟದ ಮಧ್ಯೆ ನಿಲ್ಲಿಸಿದರು. ಅವರಿಗೆ ಛಲ ಇಲ್ಲ ಎನ್ನಲು ಯಾರಿಗಾದರೂ ಬಾಯಿ ಬರುತ್ತದಾ?

ಎರಡು ಬಗೆಯ ನೋವನ್ನು ಬೇರೆ ಮಾಡಿ ನೋಡಲು ಕಲಿಯಿರಿ. ಎರಡೂ ಕಾಲಲ್ಲಿ, ಹರಡಿಕೊಂಡ ಹಾಗೆ, ಸ್ನಾಯು ಭಾರವಾಗಿ ನೋಯುವುದು ದಣಿವಿನದ್ದು. ಒಂದೆರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಮುಖ್ಯವಾಗಿ ಎಲುಬಿನ ಮೇಲೆ ಅಥವಾ ಹಿಮ್ಮಡಿಯ ಮೇಲಿನ ರಜ್ಜಿನಲ್ಲಿ ನೋವಿದ್ದರೆ, ಓಡಿದಷ್ಟೂ ಜಾಸ್ತಿಯಾದರೆ, ನಡಿಗೆಯೇ ಬದಲಾದರೆ ಅಲ್ಲೇ ನಿಲ್ಲಿಸಿ. ಹಾಗೇ ಓಡಿದರೆ ಎಲುಬಿನಲ್ಲಿ ಸಣ್ಣ ಬಿರುಕು ಬರಬಹುದು, ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಎದೆನೋವು, ತಲೆ ತಿರುಗುವುದು, ಸೆಕೆಯಲ್ಲೂ ಚಳಿ ಅನ್ನಿಸುವುದು, ಮಾತು ತೊದಲುವುದು, ಇವು ಬಂದರೆ ನೆರಳಿಗೆ ಹೋಗಿ, ಮೈಮೇಲೆ ನೀರು ಹಾಕಿಸಿಕೊಳ್ಳಿ, ಪಕ್ಕದವರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ. ಕಾಯಬೇಡಿ.

ಬದುಕಿನಲ್ಲೂ ಈ ಎರಡು ಬಗೆ ಇವೆ. ಕಷ್ಟದ ಕೆಲಸ ದಣಿಸುತ್ತದೆ, ರಜೆ ಸಿಕ್ಕಿದರೆ ಸರಿಯಾಗುತ್ತದೆ. ದಿನಾ ಅವಮಾನ ಮಾಡುವ ಜಾಗ, ನಿದ್ದೆ ಊಟ ಕಿತ್ತುಕೊಳ್ಳುವ ಜಾಗ ರಜೆಯಿಂದ ಸರಿಯಾಗುವುದಿಲ್ಲ. ಅಲ್ಲಿ ತಡೆದುಕೊಂಡು ಇರುವುದನ್ನು ಛಲ ಎಂದು ಹೊಗಳುವವರ ಮಾತು ಕೇಳಬೇಡಿ.

ಎಂಟನೇ ಹೆಜ್ಜೆ: ಜೊತೆ ಮತ್ತು ನೋಟ್‌ಬುಕ್

ವಾರಕ್ಕೆ ಒಮ್ಮೆಯಾದರೂ ಯಾರ ಜೊತೆಗಾದರೂ ಓಡಿ. ಮಂಗಳೂರಿನಲ್ಲೇ ಬೆಳೆದ ಎಂ.ಆರ್. ಪೂವಮ್ಮ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಒಬ್ಬರೇ ಓಡಿದ 400 ಮೀಟರಿನಲ್ಲಿ ಕಂಚು ತಂದರು, ಅದೇ ಕೂಟದ 4×400 ರಿಲೇಯಲ್ಲಿ ತಂಡದ ಜೊತೆ ಚಿನ್ನ. ಬೇಟನ್‌ಗಾಗಿ ಕೈ ಚಾಚಿ ಒಬ್ಬರು ಕಾಯುತ್ತಿದ್ದಾರೆ ಎಂಬುದು ಕಾಲಿಗೆ ಬಲ ಕೊಡುತ್ತದೆ. ನಮ್ಮಂಥವರಿಗೆ ಸ್ಟೇಡಿಯಂ ಗೇಟಿನ ಹತ್ತಿರ ಐದೂವರೆಗೆ ಕಾಯುವ ಒಬ್ಬ ಗೆಳೆಯ ಸಾಕು. ಅವನು ಕಾಯುತ್ತಾನೆ ಎಂಬ ಕಾರಣಕ್ಕೇ ಹಾಸಿಗೆ ಬಿಟ್ಟು ಏಳುತ್ತೇವೆ, ಅಲ್ವಾ?

ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ನಿಮಿಷ, ಹೇಗಿತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ. ಒಂದು ಸಾಲು. "ಏನೂ ಮುಂದೆ ಹೋಗಿಲ್ಲ" ಅನ್ನಿಸಿದ ದಿನ ಮೊದಲ ಪುಟ ತೆಗೆದು ನೋಡಿ.

ಒಂಬತ್ತನೇ ಹೆಜ್ಜೆ: ಸ್ಪರ್ಧೆಯ ದಿನ

ಹಿಂದಿನ ರಾತ್ರಿ ಬೇಗ ಊಟ, ಅನ್ನ ಸಾರು ಸಾಕು. ಎಣ್ಣೆ ತಿಂಡಿ ಬೇಡ. ಬೆಳಗ್ಗೆ ಓಟಕ್ಕೆ ಒಂದೂವರೆ ಎರಡು ಗಂಟೆ ಮೊದಲು ಎರಡು ಬಾಳೆಹಣ್ಣು, ಅಥವಾ ಎರಡು ಇಡ್ಲಿ. ಹೊಸ ಶೂ, ಹೊಸ ಅಂಗಿ, ಹೊಸ ತಿಂಡಿ ಯಾವುದೂ ಆ ದಿನ ಬೇಡ. ಬಿಬ್ ನಂಬರನ್ನು (ಸ್ಪರ್ಧಿಯ ನಂಬರ್ ಚೀಟಿಯನ್ನು) ಹಿಂದಿನ ರಾತ್ರಿಯೇ ಅಂಗಿಗೆ ಚುಚ್ಚಿಡಿ.

ನಿಲ್ಲುವುದು ಗುಂಪಿನ ಹಿಂದಿನ ಭಾಗದಲ್ಲಿ. ಗನ್ ಹೊಡೆದಾಗ ಎಲ್ಲರೂ ಓಡುತ್ತಾರೆ, ಡ್ರಮ್ ಬಾರಿಸುತ್ತಿರುತ್ತಾರೆ, ನಿಮ್ಮ ಕಾಲಿಗೂ ಹಗುರ ಅನ್ನಿಸುತ್ತದೆ. ನಾಲ್ಕು ತಿಂಗಳು ಕಲಿತದ್ದನ್ನು ಮೊದಲ ಮೂರು ನಿಮಿಷದಲ್ಲಿ ಕಳೆದುಕೊಳ್ಳುವುದು ಹೀಗೇ. 70 ನಿಮಿಷದ ಗುರಿ ಇದ್ದವರ ಲೆಕ್ಕ ಹೀಗಿರಲಿ: ಮೊದಲ ಕಿ.ಮೀ. 7 ನಿಮಿಷ 20 ಸೆಕೆಂಡ್. ಎರಡನೆಯದು, ಮೂರನೆಯದು 7 ನಿಮಿಷ 5 ಸೆಕೆಂಡ್. ನಾಲ್ಕರಿಂದ ಏಳರವರೆಗೆ ಸರಿಯಾಗಿ 7 ನಿಮಿಷ. ಅಲ್ಲಿಗೆ 49 ನಿಮಿಷ 30 ಸೆಕೆಂಡ್ ಆಗಿರುತ್ತದೆ. ಉಳಿದ ಮೂರು ಕಿ.ಮೀ.ಗೆ 20 ನಿಮಿಷ 30 ಸೆಕೆಂಡ್ ಇದೆ, ಒಂದೊಂದಕ್ಕೆ 6 ನಿಮಿಷ 50 ಸೆಕೆಂಡ್. ಮೊದಲು ತಡೆದುಕೊಂಡವರಿಗೆ ಇದು ಸಿಗುತ್ತದೆ. ಎಂಟನೇ ಕಿಲೋಮೀಟರಿನಲ್ಲಿ ನೀವು ಒಬ್ಬೊಬ್ಬರನ್ನೇ ದಾಟುತ್ತಾ ಹೋಗುವಾಗ ಆಗುವ ಸಂತೋಷವನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ದಾಟುವಾಗ "ಬನ್ನಿ, ಆಗ್ತದೆ" ಅನ್ನಿ. ಅವರಿಗೂ ಬಲ, ನಿಮಗೂ ಬಲ.

ನೀರಿನ ಟೇಬಲ್ ಸಿಕ್ಕಿದಲ್ಲೆಲ್ಲ ಎರಡು ಮೂರು ಗುಟುಕು ಸಾಕು. ಮುಗಿದ ಮೇಲೆ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಆಮೇಲೆ ಬೊಂಡ (ಎಳನೀರು) ಕುಡಿಯಿರಿ. ಮನೆಗೆ ಬಂದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ವಾಪಸ್ ಬರುತ್ತವೆ, ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಹತ್ತನೇ ಹೆಜ್ಜೆ: ಮುಗಿದ ಮೇಲೆ, ಟೈಮ್ ಬರದಿದ್ದರೆ

ಅಂದುಕೊಂಡ ಟೈಮ್ ಬರದೇ ಹೋಗಬಹುದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಟೈಮ್ 55.42 ಸೆಕೆಂಡ್. ಮೂರನೆಯವರದ್ದು 55.41. ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಕಂಚು ಹೋಯಿತು. ಎರಡು ವರ್ಷದ ನಂತರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಅವರು ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದರು. ಕಿಪ್‌ಚೋಗೆ ಅವರಿಗೆ 2012ರಲ್ಲಿ ಕೀನ್ಯಾದ ಒಲಿಂಪಿಕ್ಸ್ ತಂಡದಲ್ಲಿ ಜಾಗವೇ ಸಿಗಲಿಲ್ಲ. ಟ್ರ್ಯಾಕ್ ಬಿಟ್ಟು ರಸ್ತೆಗೆ ಬಂದರು, ಮರುವರ್ಷ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನನ್ನೇ ಗೆದ್ದರು. ಒಬ್ಬರು ಅದೇ ದಾರಿಯಲ್ಲಿ ಮುಂದುವರಿದರು, ಇನ್ನೊಬ್ಬರು ದಾರಿ ಬದಲಿಸಿದರು. ಎರಡಕ್ಕೂ ಧೈರ್ಯ ಬೇಕು.

ಓಟದ ಸಂಜೆಯೇ ಏನನ್ನೂ ತೀರ್ಮಾನಿಸಬೇಡಿ. ಮೂರು ದಿನ ಬರೀ ನಡಿಗೆ. ಮೂರನೇ ದಿನ ನೋಟ್‌ಬುಕ್ ತೆಗೆದು ಮೂರು ಸಾಲು ಬರೆಯಿರಿ: ಯಾವುದು ಚೆನ್ನಾಗಿ ಆಯಿತು, ಯಾವ ಕಿಲೋಮೀಟರಿನಲ್ಲಿ ಕೈತಪ್ಪಿತು, ಅದರಲ್ಲಿ ನಿಮ್ಮ ಕೈಯಲ್ಲಿದ್ದದ್ದು ಏನು. ಸೆಕೆ ನಿಮ್ಮ ಕೈಯಲ್ಲಿರಲಿಲ್ಲ, ಮೊದಲ ಕಿಲೋಮೀಟರಿನ ವೇಗ ಇತ್ತು. ಪರೀಕ್ಷೆಯ ಫಲಿತಾಂಶ ಬಂದ ಮೇಲೂ ಈ ಮೂರು ಸಾಲು ಬರೆದು ನೋಡಿ.

ಏಳನೇ ದಿನ 20 ನಿಮಿಷದ ಹಗುರ ಓಟ. ಎರಡು ವಾರ ಕಳೆದ ಮೇಲೆ ಮುಂದಿನ ಸ್ಪರ್ಧೆಗೆ ಹೆಸರು ಕೊಡಿ. ಹಾಫ್ ಮ್ಯಾರಥಾನಿಗೆ ಹಾರಬೇಡಿ, ಇನ್ನೊಂದು 10 ಕಿ.ಮೀ. ಇರಲಿ. ಈ ಸಲ ಪಟ್ಟಿಯನ್ನು ಮೊದಲ ವಾರದಿಂದ ಹಿಡಿಯಬೇಕಾಗಿಲ್ಲ, ಐದನೇ ವಾರದಿಂದ ಶುರು ಮಾಡಬಹುದು.